ಅಶೋಕನ ಧರ್ಮಯಾತ್ರೆ

ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ತಂಗಡಗಿ ಎಂಬ ಊರಿದೆ. ಬಸವಣ್ಣನವರ ಧರ್ಮಪತ್ನಿ ನೀಲಾಂಬಿಕೆಯವರು ಐಕ್ಯರಾದ ಸ್ಥಳವೆಂದು ಭಕ್ತರು ಅಲ್ಲಿಗೆ ಬರುತ್ತಾರೆ. ಹೊಳೆಯಲ್ಲಿ ಮಿಂದು, ಕೈಮುಗಿದು, ಬುತ್ತಿಯನ್ನು ಹಂಚಿಕೊಂಡು ಉಂಡು ಊರಿಗೆ ಮರಳುತ್ತಾರೆ. ಮಹಾತ್ಮರು ಬಾಳಿದ ನೆಲವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವು ಮನುಷ್ಯನಲ್ಲಿ ಬಹು ಹಳೆಯದು. ಇಂದಿಗೆ 2,200 ವರ್ಷಗಳಿಗೂ ಹಿಂದೆ, ಭರತಖಂಡದ ಬಹುಭಾಗವನ್ನು ಆಳುತ್ತಿದ್ದ ಚಕ್ರವರ್ತಿಯೊಬ್ಬನು ಇದೇ ಹಂಬಲದಿಂದ ಅರಮನೆಯನ್ನು ಬಿಟ್ಟು ಯಾತ್ರೆಗೆ ಹೊರಟನು. ಅವನೇ ಮೌರ್ಯವಂಶದ ಅಶೋಕ.

ಅಶೋಕನು ನಮಗೆ ದೂರದವನಲ್ಲ. ತಂಗಡಗಿಯಿಂದ ಹೊಳೆ ದಾಟಿ ಆಗ್ನೇಯದತ್ತ ಸಾಗಿದರೆ ರಾಯಚೂರು ಜಿಲ್ಲೆಯ ಮಸ್ಕಿ ಸಿಗುತ್ತದೆ. ಇಂಡಿ, ಸಿಂದಗಿ ಸೀಮೆಯ ಅಂಚಿನಲ್ಲಿ ಹರಿಯುವ ಭೀಮಾ ನದಿಯ ಜಾಡು ಹಿಡಿದು ಕೆಳಗೆ ಸಾಗಿದರೆ ಕಲಬುರಗಿ ಜಿಲ್ಲೆಯ ಸನ್ನತಿ ಸಿಗುತ್ತದೆ. ಈ ಎರಡೂ ಊರುಗಳ ಕಲ್ಲುಗಳು ಅವನ ಮಾತುಗಳನ್ನು ಇಂದಿಗೂ ಹೊತ್ತು ನಿಂತಿವೆ.

ಅಶೋಕನು ಮೌರ್ಯ ಸಾಮ್ರಾಜ್ಯದ ಸ್ಥಾಪಕನಾದ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ಗಂಗಾನದಿಯ ತೀರದ ಪಾಟಲಿಪುತ್ರವು ಅವರ ರಾಜಧಾನಿಯಾಗಿತ್ತು. ಇಂದಿನ ಪಟ್ನಾ ನಗರವು ಅದೇ ಸ್ಥಳದಲ್ಲಿದೆ. ತಂದೆಯ ಕಾಲದಲ್ಲಿ ಅಶೋಕನು ತಕ್ಷಶಿಲೆಯ ದಂಗೆಯನ್ನು ಅಡಗಿಸಲು ಹೋಗಿದ್ದನೆಂದೂ, ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದನೆಂದೂ ಬೌದ್ಧಗ್ರಂಥಗಳು ತಿಳಿಸುತ್ತವೆ. ಅವನು ತನ್ನ ಅಣ್ಣತಮ್ಮಂದಿರನ್ನೆಲ್ಲ ಕೊಂದು ಸಿಂಹಾಸನವನ್ನೇರಿದನೆಂಬ ಭಯಂಕರ ಕಥೆಯೂ ಆ ಗ್ರಂಥಗಳಲ್ಲಿದೆ. ಆದರೆ ಪಟ್ಟಾಭಿಷೇಕವಾಗಿ 13 ವರ್ಷಗಳಾದ ಮೇಲೆ ಹೊರಡಿಸಿದ ಕಾರ್ಯಗಳನ್ನು ಹೇಳುವ ಶಾಸನದಲ್ಲಿ ಅಶೋಕನು ತನ್ನ ಸೋದರ ಸೋದರಿಯರ ಮನೆಗಳನ್ನು ಹೆಸರಿಸಿದ್ದಾನೆ. ಆದುದರಿಂದ ಅವನ ಬಾಳನ್ನು ಅರಿಯಬಯಸುವವರು ಕಥೆಗಳಿಗಿಂತ ಅವನೇ ಕೊರೆಯಿಸಿದ ಕಲ್ಲಿನ ಬರಹಗಳನ್ನು ಹೆಚ್ಚಾಗಿ ನಂಬುತ್ತಾರೆ.

ಅಶೋಕನ ಪಟ್ಟಾಭಿಷೇಕವು ಸುಮಾರು ಕ್ರಿ. ಪೂ. 268ರಲ್ಲಿ ನಡೆಯಿತು. ಅವನು ತನ್ನ ಶಾಸನಗಳಲ್ಲಿ ಕಾಲವನ್ನು ಎಣಿಸಿರುವುದು ಆ ದಿನದಿಂದಲೇ. ಪಟ್ಟಾಭಿಷೇಕವಾಗಿ 8 ವರ್ಷಗಳಾಗಿದ್ದಾಗ ಅವನು ಕಳಿಂಗ ದೇಶದ ಮೇಲೆ ದಂಡೆತ್ತಿ ಹೋದನು. ಪೂರ್ವ ಸಮುದ್ರದ ತೀರದಲ್ಲಿದ್ದ ಕಳಿಂಗವು ಇಂದಿನ ಒಡಿಶಾ ರಾಜ್ಯದ ಭಾಗವಾಗಿದೆ. ಯುದ್ಧದಲ್ಲಿ ಅಶೋಕನಿಗೆ ಜಯವಾಯಿತು. ಆದರೆ ಆ ಜಯದ ಬೆಲೆ ಘೋರವಾಗಿತ್ತು. ರಣರಂಗದಲ್ಲಿ ಒಂದು ಲಕ್ಷ ಜನ ಹತರಾದರು. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು. ಅದರ ಎಷ್ಟೋ ಪಟ್ಟು ಜನ ಬೇರೆ ಬೇರೆ ರೀತಿಯಲ್ಲಿ ಮಡಿದರು. ಈ ಲೆಕ್ಕವನ್ನು ಕೊಟ್ಟವನು ಅವನ ಶತ್ರುವಲ್ಲ. ಗೆದ್ದ ಅರಸನೇ ಅದನ್ನು ಬಂಡೆಗಳ ಮೇಲೆ ಕೊರೆಯಿಸಿದನು.

ಅರಸರು ತಮ್ಮ ಗೆಲುವುಗಳನ್ನು ಕಲ್ಲಿನಲ್ಲಿ ಬರೆಯಿಸಿ ಮೆರೆಯುವುದು ಲೋಕರೂಢಿ. ತನ್ನ ಗೆಲುವಿನಿಂದಾದ ದುಃಖವನ್ನು ಕಲ್ಲಿನಲ್ಲಿ ಬರೆಯಿಸಿದ ಅರಸರು ವಿರಳ. ಸತ್ತವರ ನೋವನ್ನಷ್ಟೇ ಅಶೋಕನು ಎಣಿಸಲಿಲ್ಲ. ಆ ನಾಡಿನಲ್ಲಿ ತಂದೆತಾಯಿಗಳ ಸೇವೆ ಮಾಡಿಕೊಂಡು, ಗುರುಹಿರಿಯರಿಗೆ ವಿಧೇಯರಾಗಿ, ಆಳುಕಾಳುಗಳಲ್ಲಿ ಪ್ರೀತಿಯಿಟ್ಟು ಬಾಳುತ್ತಿದ್ದ ಗೃಹಸ್ಥರಿದ್ದರು. ಬದುಕಿ ಉಳಿದವರು ಕೂಡ ತಮ್ಮ ಗೆಳೆಯರನ್ನೂ ಬಂಧುಗಳನ್ನೂ ಕಳೆದುಕೊಂಡು ಗಾಸಿಗೊಂಡಿದ್ದರು. ಅಂದು ನೊಂದವರಲ್ಲಿ ನೂರರಲ್ಲಿ ಒಂದು ಪಾಲು, ಸಾವಿರದಲ್ಲಿ ಒಂದು ಪಾಲು ಜನ ಮತ್ತೆ ನೊಂದರೂ ಅದು ತನಗೆ ಸಹಿಸಲಾಗದ ಸಂಗತಿಯೆಂದು ಅವನು ಸಾರಿದನು. ಆಯುಧದ ಗೆಲುವಿಗಿಂತ ಧರ್ಮದ ಗೆಲುವೇ ಹಿರಿದೆಂದು ನಿಶ್ಚಯಿಸಿದನು.

ಆದರೆ ಪಶ್ಚಾತ್ತಾಪವೊಂದರಿಂದಲೇ ಮನುಷ್ಯನು ಬದಲಾಗುವುದಿಲ್ಲ. ಅಶೋಕನಿಗೂ ಅದು ಸುಲಭವಾಗಿರಲಿಲ್ಲ. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತು. ಅದರಲ್ಲಿ ಒಂದು ವರ್ಷ ತಾನು ಹೆಚ್ಚಿನ ಪ್ರಯತ್ನವನ್ನೇ ಮಾಡಲಿಲ್ಲ. ಸಂಘದ ಸಮೀಪಕ್ಕೆ ಬಂದ ಮೇಲೆ, ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಶ್ರಮಿಸುತ್ತಿದ್ದೇನೆ ಎಂದು ಅವನು ಒಪ್ಪಿಕೊಂಡಿದ್ದಾನೆ. ಚಕ್ರವರ್ತಿಯೊಬ್ಬನು ತನ್ನ ಆಲಸ್ಯವನ್ನು ಪ್ರಜೆಗಳ ಮುಂದೆ ಹೀಗೆ ಬಿಚ್ಚಿಟ್ಟನು. ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಪ್ರಯತ್ನದಿಂದ ಶ್ರೇಯಸ್ಸು ದೊರೆಯುತ್ತದೆ ಎಂಬುದೇ ಆ ಶಾಸನದ ತಿರುಳು. ಇದು ಕೊರೆಯಲ್ಪಟ್ಟಿರುವ ಬಂಡೆಗಳಲ್ಲಿ ಹಲವು ನಮ್ಮ ಕರ್ನಾಟಕದಲ್ಲಿಯೇ ಇವೆ.

ಇಂತಹ ಪ್ರಯತ್ನದ ಫಲವಾಗಿಯೇ ಅಶೋಕನ ಯಾತ್ರೆಗಳು ಆರಂಭವಾದವು. ಹಿಂದಿನ ಅರಸರೂ ಪ್ರವಾಸ ಹೋಗುತ್ತಿದ್ದರು. ಅವು ವಿಹಾರಯಾತ್ರೆಗಳು. ಬೇಟೆಯೂ ಅಂತಹುದೇ ಬೇರೆ ವಿನೋದಗಳೂ ಅವುಗಳ ಉದ್ದೇಶ. ಪಟ್ಟಾಭಿಷೇಕವಾಗಿ 10 ವರ್ಷಗಳಾಗಿದ್ದಾಗ ಅಶೋಕನು ಈ ಪದ್ಧತಿಯನ್ನು ಬಿಟ್ಟನು. ಬುದ್ಧನಿಗೆ ಜ್ಞಾನೋದಯವಾದ ಸಂಬೋಧಿಗೆ, ಎಂದರೆ ಇಂದಿನ ಬೋಧಗಯೆಗೆ, ಅವನು ಪ್ರಯಾಣ ಮಾಡಿದನು. ಅಂದಿನಿಂದ ವಿಹಾರಯಾತ್ರೆಯ ಸ್ಥಾನದಲ್ಲಿ ಧರ್ಮಯಾತ್ರೆಯು ನೆಲೆಗೊಂಡಿತು.

ಧರ್ಮಯಾತ್ರೆಯಲ್ಲಿ ಅರಸನು ಏನು ಮಾಡುತ್ತಿದ್ದನು? ಬ್ರಾಹ್ಮಣರನ್ನೂ ಶ್ರಮಣರನ್ನೂ ಕಂಡು ದಾನ ಮಾಡುತ್ತಿದ್ದನು. ವೃದ್ಧರನ್ನು ಕಂಡು ಅವರ ಪೋಷಣೆಗೆ ಹೊನ್ನನ್ನು ಕೊಡುತ್ತಿದ್ದನು. ಹಳ್ಳಿಗಾಡಿನ ಜನರನ್ನು ಭೇಟಿಯಾಗಿ ಅವರಿಗೆ ಧರ್ಮವನ್ನು ತಿಳಿಸುತ್ತಿದ್ದನು. ಧರ್ಮದ ವಿಷಯವಾಗಿ ಅವರೊಡನೆ ಪ್ರಶ್ನೋತ್ತರ ನಡೆಸುತ್ತಿದ್ದನು. ಬೇರೆ ಯಾವ ಸುಖವೂ ತನಗೆ ಇಷ್ಟು ಆನಂದವನ್ನು ಕೊಡುವುದಿಲ್ಲವೆಂದು ಅವನು ಹೇಳಿಕೊಂಡಿದ್ದಾನೆ.

ಇದು ಸಣ್ಣ ಬದಲಾವಣೆಯೆಂದು ತೋರಬಹುದು. ಆದರೆ ಹಳ್ಳಿಯ ರೈತನ ದೃಷ್ಟಿಯಿಂದ ಇದನ್ನು ನೋಡಬೇಕು. ಬೇಟೆಗೆ ಬರುವ ಅರಸನ ಕಣ್ಣು ಕಾಡಿನ ಮೃಗದ ಮೇಲಿರುತ್ತದೆ. ಬಡವನ ಗುಡಿಸಲು ಅವನಿಗೆ ಕಾಣುವುದಿಲ್ಲ. ಧರ್ಮಯಾತ್ರೆಗೆ ಬಂದ ಅರಸನಾದರೋ ಮುದುಕನೊಬ್ಬನ ಮುಂದೆ ನಿಂತು ಅವನ ಯೋಗಕ್ಷೇಮವನ್ನು ವಿಚಾರಿಸುತ್ತಾನೆ. ಅರಸನ ದಾರಿ ಅದೇ ಆದರೂ ನೋಟವು ಬದಲಾಗಿತ್ತು. ಯಾತ್ರೆಗೆ ಅರ್ಥವು ಬಂದುದು ಆ ನೋಟದಿಂದಲೇ.

ಈ ಮನೋಭಾವವು ಅರಮನೆಯ ಒಳಗೂ ಹಬ್ಬಿತು. ಒಂದು ಕಾಲದಲ್ಲಿ ಅರಸನ ಅಡುಗೆಮನೆಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲಲಾಗುತ್ತಿತ್ತೆಂದು ಶಾಸನವು ಹೇಳುತ್ತದೆ. ಅದನ್ನು ಬರೆಯಿಸುವ ವೇಳೆಗೆ ಆ ಸಂಖ್ಯೆಯು ಮೂರಕ್ಕೆ ಇಳಿದಿತ್ತು: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ನಿತ್ಯವಿರಲಿಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲವೆಂದು ಅವನು ಮಾತು ಕೊಟ್ಟನು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದನು. ಔಷಧಿಯ ಗಿಡಮೂಲಿಕೆಗಳು ದೊರೆಯದ ಕಡೆಗೆ ಅವುಗಳನ್ನು ತರಿಸಿ ನೆಡಿಸಿದನು. ದಾರಿಹೋಕರ ನೆರಳಿಗಾಗಿ ಆಲದ ಮರಗಳನ್ನು ಬೆಳೆಯಿಸಿದನು, ಮಾವಿನ ತೋಪುಗಳನ್ನು ಹಾಕಿಸಿದನು, ಬಾವಿಗಳನ್ನು ತೋಡಿಸಿದನು. ತಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಕಾರ್ಯವನ್ನು ಯಾವ ಹೊತ್ತಿನಲ್ಲಿಯಾದರೂ ತನಗೆ ಅರಿಕೆ ಮಾಡಬೇಕೆಂದು ವರದಿಗಾರರಿಗೆ ಅಪ್ಪಣೆ ಮಾಡಿದನು. ಪ್ರಯಾಣದಲ್ಲಿ ಕಂಡ ಜನರ ಬಾಳು ರಾಜಧಾನಿಗೆ ಮರಳಿದ ಮೇಲೂ ಅವನ ಮನಸ್ಸಿನಲ್ಲಿ ಉಳಿದಿತ್ತು.

ಕಾಲ ಸರಿದಂತೆ ಅಶೋಕನ ಶ್ರದ್ಧೆಯು ಇನ್ನಷ್ಟು ಗಾಢವಾಯಿತು. ಹಿಮಾಲಯದ ತಪ್ಪಲಿನಲ್ಲಿ, ಇಂದಿನ ನೇಪಾಳದಲ್ಲಿ, ಕೋನಾಗಮನ ಬುದ್ಧನ ಸ್ತೂಪವಿತ್ತು. ಗೌತಮ ಬುದ್ಧನಿಗಿಂತ ಮುಂಚೆ ಹಲವು ಬುದ್ಧರು ಅವತರಿಸಿದ್ದರೆಂದು ಬೌದ್ಧರ ನಂಬಿಕೆ. ಕೋನಾಗಮನನು ಅವರಲ್ಲಿ ಒಬ್ಬನು. ಪಟ್ಟಾಭಿಷೇಕವಾಗಿ 14 ವರ್ಷಗಳಾಗಿದ್ದಾಗ ಅಶೋಕನು ಆ ಸ್ತೂಪವನ್ನು ಇಮ್ಮಡಿಯಾಗಿ ಹಿಗ್ಗಿಸಿದನು. ಮುಂದೆ ತಾನೇ ಅಲ್ಲಿಗೆ ಬಂದು ಪೂಜಿಸಿ ಕಂಬವೊಂದನ್ನು ನಿಲ್ಲಿಸಿದನು.

ಪಟ್ಟಾಭಿಷೇಕವಾಗಿ 20 ವರ್ಷಗಳಾಗಿದ್ದಾಗ, ಎಂದರೆ ಸುಮಾರು ಕ್ರಿ. ಪೂ. 249ರಲ್ಲಿ, ಅವನು ಲುಂಬಿನಿಗೆ ಬಂದನು. ಶಾಕ್ಯಮುನಿ ಬುದ್ಧನು ಜನಿಸಿದ ಪವಿತ್ರ ಭೂಮಿ ಅದು. ಈ ಯಾತ್ರೆಯನ್ನು ಬೌದ್ಧಕಥೆಯೊಂದು ಬಹು ಸೊಗಸಾಗಿ ವರ್ಣಿಸುತ್ತದೆ. ಉಪಗುಪ್ತನೆಂಬ ವೃದ್ಧ ಭಿಕ್ಷುವು ಅರಸನ ಕೈಹಿಡಿದು ಮುಂದೆ ನಡೆದನಂತೆ. ಮಾಯಾದೇವಿಯು ಕೊಂಬೆ ಹಿಡಿದು ನಿಂತ ಮರವನ್ನು ಲುಂಬಿನಿಯಲ್ಲಿ ತೋರಿಸಿದನಂತೆ. ಸಿದ್ಧಾರ್ಥನು ಬೆಳೆದ ಕಪಿಲವಸ್ತು, ಜ್ಞಾನ ಪಡೆದ ಬೋಧಗಯೆ, ಮೊದಲ ಉಪದೇಶ ಮಾಡಿದ ಸಾರನಾಥ, ಪರಿನಿರ್ವಾಣ ಹೊಂದಿದ ಕುಶಿನಗರ, ಹೀಗೆ ಒಂದೊಂದನ್ನೂ ಕಾಣುತ್ತ ಅರಸನು ಭಾವಪರವಶನಾದನಂತೆ. ಇದು ಭಕ್ತರು ಹೆಣೆದ ಕಥೆ. ಲುಂಬಿನಿಯ ಭೇಟಿಗೆ ಮಾತ್ರ ಕಲ್ಲಿನ ಸಾಕ್ಷಿಯಿದೆ.

ಅಶೋಕನು ಅಲ್ಲಿ ನಿಲ್ಲಿಸಿದ ಕಲ್ಲಿನ ಕಂಬವು ಇಂದಿಗೂ ಇದೆ. ಅದರ ಮೇಲಿರುವುದು ಕೇವಲ ಐದು ಸಾಲಿನ ಬರಹ. ದೇವಾನಾಂಪ್ರಿಯನಾದ ಅರಸನು ತಾನೇ ಬಂದು ಪೂಜಿಸಿದನೆಂದೂ, ಬುದ್ಧನು ಜನಿಸಿದ ಸ್ಥಳವೆಂದು ಕಂಬವನ್ನು ನಿಲ್ಲಿಸಿದನೆಂದೂ ಅದು ತಿಳಿಸುತ್ತದೆ. ಬರಹದ ಕೊನೆಯಲ್ಲಿ ಬರುವ ವಿಷಯವು ನಮ್ಮ ಗಮನಕ್ಕೆ ಅರ್ಹವಾಗಿದೆ. ಲುಂಬಿನಿ ಗ್ರಾಮಕ್ಕೆ ಬಲಿ ಎಂಬ ತೆರಿಗೆಯನ್ನು ಅರಸನು ಮನ್ನಾ ಮಾಡಿದನು. ಬೆಳೆಯಲ್ಲಿ ಎಂಟನೆಯ ಒಂದು ಪಾಲನ್ನು ಮಾತ್ರ ಸಲ್ಲಿಸುವಂತೆ ಮಾಡಿದನು. ಬೆಳೆಯ ಆರನೆಯ ಒಂದು ಪಾಲು ಅರಸನಿಗೆ ಸಲ್ಲಬೇಕೆಂಬುದು ಧರ್ಮಶಾಸ್ತ್ರಗಳ ಸಾಮಾನ್ಯ ನಿಯಮ. ಹೀಗೆ ಅರಸನ ಭಕ್ತಿಯು ಕಂಬವನ್ನು ನಿಲ್ಲಿಸುವುದರಲ್ಲಿಯೇ ಮುಗಿಯಲಿಲ್ಲ. ಬುದ್ಧನು ಹುಟ್ಟಿದ ಊರಿನ ಒಕ್ಕಲಿಗನ ಕಣಜದಲ್ಲಿ ನಾಲ್ಕು ಕಾಳು ಹೆಚ್ಚಾಗಿ ಉಳಿಯಿತು.

ಅಶೋಕನು ಬುದ್ಧನಲ್ಲಿ ಇಷ್ಟು ಶ್ರದ್ಧೆಯುಳ್ಳವನಾಗಿದ್ದರೂ ಪರಮತಗಳನ್ನು ಹಳಿಯಲಿಲ್ಲ. ಆಜೀವಿಕರೆಂಬ ಬೇರೊಂದು ಪಂಥದ ಸಂನ್ಯಾಸಿಗಳ ವಾಸಕ್ಕೆಂದು ಗಯೆಯ ಬಳಿಯ ಬರಾಬರ್ ಬೆಟ್ಟದಲ್ಲಿ ಗುಹೆಗಳನ್ನು ದಾನ ಮಾಡಿದನು. ತನ್ನ ಮತವನ್ನು ಹೊಗಳಿ ಅನ್ಯರ ಮತವನ್ನು ಜರೆಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ. ಒಬ್ಬರ ಧರ್ಮವನ್ನು ಇನ್ನೊಬ್ಬರು ಆಲಿಸಬೇಕು ಎಂಬುದು ಅವನ ನಿಲುವು. ಇದನ್ನು ಸಾರುವ ಶಾಸನದ ಪ್ರತಿಯೊಂದು ಭೀಮಾತೀರದ ಸನ್ನತಿಯಲ್ಲಿ ದೊರೆತಿದೆ.

ಅಶೋಕನ ಸಂದೇಶವು ಕನ್ನಡ ನಾಡಿಗೆ ತಲುಪಿದ ಬಗೆಯೂ ಸ್ವಾರಸ್ಯವಾಗಿದೆ. ಸಾಮ್ರಾಜ್ಯದ ದಕ್ಷಿಣ ಪ್ರಾಂತಕ್ಕೆ ಸುವರ್ಣಗಿರಿಯು ರಾಜಧಾನಿಯಾಗಿತ್ತು. ಅಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸಿ ಈ ಸಂದೇಶವನ್ನು ಕಳುಹಿಸಿದರು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಬ್ರಹ್ಮಗಿರಿಯ ಬಂಡೆಯು ಈ ವಿವರವನ್ನು ಉಳಿಸಿಕೊಂಡಿದೆ. ಅದೇ ಶಾಸನದಲ್ಲಿ 256 ಎಂಬ ಸಂಖ್ಯೆಯಿದೆ. ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದೆಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ನೀತಿಯೂ ಅಲ್ಲಿದೆ. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವನ್ನು ಬ್ರಾಹ್ಮಿ ಲಿಪಿಯಲ್ಲಿ ಬರೆದ ಅವನು ಲಿಪಿಕಾರನೆಂಬ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅರಸನ ಮಾತು ಎಷ್ಟು ದೂರದ ನಾಡುಗಳನ್ನು ಒಂದುಗೂಡಿಸಿತ್ತೆಂಬುದಕ್ಕೆ ಈ ಕೆಲವು ಅಕ್ಷರಗಳೇ ಸಾಕ್ಷಿ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವು ಧರ್ಮಬೋಧನೆಗಾಗಿ ಬನವಾಸಿಗೆ ಬಂದನೆಂದು ಸಿಂಹಳದ ಇತಿಹಾಸ ಗ್ರಂಥವೂ ತಿಳಿಸುತ್ತದೆ.

ಇಷ್ಟೆಲ್ಲ ಮಾಡಿದ ಅಶೋಕನು ದೋಷವೇ ಇಲ್ಲದ ಅರಸನಾಗಿದ್ದನೆ? ಹಾಗೆ ಹೇಳಲಾಗದು. ಕಳಿಂಗಕ್ಕಾಗಿ ಮರುಗಿದರೂ ಅವನು ಆ ನಾಡನ್ನು ಬಿಟ್ಟುಕೊಡಲಿಲ್ಲ. ತನ್ನ ಪಶ್ಚಾತ್ತಾಪವನ್ನು ತಿಳಿಸುವ ಶಾಸನವನ್ನು ಕಳಿಂಗದ ಬಂಡೆಗಳ ಮೇಲೆ ಬರೆಯಿಸಲಿಲ್ಲ. ಅಲ್ಲಿ ಅದರ ಬದಲಿಗೆ ಬೇರೆ ಶಾಸನಗಳಿವೆ. ಎಲ್ಲ ಪ್ರಜೆಗಳೂ ತನ್ನ ಮಕ್ಕಳೆಂದೂ, ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬಾರದು, ಪೀಡಿಸಬಾರದೆಂದೂ ಅವುಗಳಲ್ಲಿ ಅಧಿಕಾರಿಗಳಿಗೆ ಕಟ್ಟುನಿಟ್ಟಾಗಿ ಆಜ್ಞಾಪಿಸಿದ್ದಾನೆ. ಕಾಡಿನಲ್ಲಿ ವಾಸಿಸುವ ಜನರಿಗೆ ದಯೆಯ ಮಾತನ್ನು ಹೇಳುವಾಗಲೂ ತನ್ನ ದಂಡನೆಯ ಶಕ್ತಿಯನ್ನು ನೆನಪಿಸಿದ್ದಾನೆ. ಮರಣದಂಡನೆಯನ್ನು ರದ್ದು ಮಾಡಲಿಲ್ಲ. ಆದರೆ ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟನು. ಆ ಮೂರು ದಿನಗಳಲ್ಲಿ ಬಂಧುಗಳು ಅವರ ಪ್ರಾಣಕ್ಕಾಗಿ ಬೇಡಿಕೊಳ್ಳಬಹುದಾಗಿತ್ತು. ರಾಜ್ಯದ ಹೊರೆಯನ್ನು ಹೊತ್ತುಕೊಂಡೇ ದಯೆಯ ದಾರಿಯಲ್ಲಿ ನಡೆಯುವುದು ಎಷ್ಟು ಕಠಿನವೆಂಬುದನ್ನು ಅವನ ಬಾಳು ತೋರಿಸುತ್ತದೆ. ದಾರಿಯು ಕಠಿನವೆಂದು ಅವನು ಹಿಂದಿರುಗಲಿಲ್ಲ. ಕಳಿಂಗದಂತಹ ಇನ್ನೊಂದು ಯುದ್ಧದ ಸುದ್ದಿ ಅವನ ಶಾಸನಗಳಲ್ಲಿ ಎಲ್ಲಿಯೂ ಇಲ್ಲ.

ಸುಮಾರು ಕ್ರಿ. ಪೂ. 232ರಲ್ಲಿ ಅಶೋಕನು ಕಾಲವಾದನು. ಅವನ ಕೊನೆಯ ದಿನಗಳ ಬಗೆಗೆ ಒಂದು ಕಥೆಯಿದೆ. ವೃದ್ಧನಾದ ಅರಸನು ಇದ್ದುದನ್ನೆಲ್ಲ ದಾನ ಮಾಡುತ್ತ ಹೋದಾಗ ಮಂತ್ರಿಗಳು ಭಂಡಾರದ ಬಾಗಿಲನ್ನು ಮುಚ್ಚಿಸಿದರಂತೆ. ಕಡೆಗೆ ಅವನ ಕೈಯಲ್ಲಿ ಅರ್ಧ ನೆಲ್ಲಿಕಾಯಿ ಮಾತ್ರ ಉಳಿಯಿತಂತೆ. ಅದನ್ನೂ ಅವನು ಭಿಕ್ಷುಸಂಘಕ್ಕೆ ಅರ್ಪಿಸಿದನಂತೆ. ಇದು ನಡೆಯಿತೋ ಇಲ್ಲವೋ, ಅಶೋಕನನ್ನು ಜನರು ಯಾವ ರೂಪದಲ್ಲಿ ನೆನೆಯಬಯಸಿದರೆಂಬುದನ್ನು ಇದರಿಂದ ತಿಳಿಯಬಹುದು. ಅವನ ತರುವಾಯ ಸುಮಾರು 50 ವರ್ಷಗಳಲ್ಲಿಯೇ ಮೌರ್ಯ ಸಾಮ್ರಾಜ್ಯವು ಅಳಿಯಿತು. ಅವನು ಬರೆಯಿಸಿದ ಲಿಪಿಯನ್ನು ಓದಬಲ್ಲವರೂ ಕಾಲಕ್ರಮದಲ್ಲಿ ಇಲ್ಲದಾದರು.

ಶತಮಾನಗಳು ಉರುಳಿದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮಿ ಲಿಪಿಯನ್ನು ಓದಿದನು. ಆದರೆ ಶಾಸನಗಳಲ್ಲಿ ದೊರೆತುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಆ ಪ್ರಿಯದರ್ಶಿಯೇ ಅಶೋಕನೆಂದು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಲಾಯಿತು. 1896ರಲ್ಲಿ ಲುಂಬಿನಿಯ ಕಂಬದ ಬರಹವು ಬೆಳಕಿಗೆ ಬಂದಿತು. ಬುದ್ಧನ ಜನ್ಮಸ್ಥಳವು ಖಚಿತವಾಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವನು ಮಸ್ಕಿಯ ಬೆಟ್ಟದಲ್ಲಿ ಒಂದು ಶಾಸನವನ್ನು ಕಂಡನು. ಅದರಲ್ಲಿ ದೇವಾನಾಂಪ್ರಿಯ ಎಂಬುದರ ಜೊತೆಯಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಕೊರೆಯಲ್ಪಟ್ಟಿತ್ತು. ಚಿನ್ನವನ್ನು ಅರಸುತ್ತ ಹೊರಟವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು! ಬಹುಕಾಲದ ಊಹೆಯನ್ನು ಕನ್ನಡ ನಾಡಿನ ಬಂಡೆಯು ದೃಢಪಡಿಸಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ ಶಾಸನಗಳಲ್ಲಿಯೂ ಆ ಹೆಸರು ದೊರೆಯಿತು.

ಸನ್ನತಿಗೆ ಹೊಂದಿಕೊಂಡಿರುವ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಮಹಾಸ್ತೂಪವೊಂದು ಹೊರಬಂದಿತು. ಅದರ ಶಿಲ್ಪಗಳಲ್ಲಿ ಒಂದು ಅಶೋಕನದು. ರಾಣಿಯೊಡನೆ ನಿಂತಿರುವ ಅರಸನಿಗೆ ಸೇವಕಿಯರು ಛತ್ರವನ್ನು ಹಿಡಿದಿದ್ದಾರೆ, ಚಾಮರವನ್ನು ಬೀಸುತ್ತಿದ್ದಾರೆ. ಇವನು ರಾಜ ಅಶೋಕನೆಂದು ಬ್ರಾಹ್ಮಿ ಅಕ್ಷರಗಳು ತಿಳಿಸುತ್ತವೆ. ಅವನ ಸಾಮ್ರಾಜ್ಯವು ಅಳಿದ ಮೇಲೂ ಭೀಮಾತೀರದ ಜನರು ಅವನನ್ನು ಮರೆತಿರಲಿಲ್ಲ. ಪುಣ್ಯಕ್ಷೇತ್ರಗಳನ್ನು ಅರಸುತ್ತ ಹೋದ ಅರಸನ ರೂಪವನ್ನು ತಮ್ಮ ಪುಣ್ಯಕ್ಷೇತ್ರದ ಗೋಡೆಯಲ್ಲಿಯೇ ಅವರು ಕಡೆದು ನಿಲ್ಲಿಸಿದರು.

ಸಾರನಾಥದಲ್ಲಿ ಅಶೋಕನು ನಿಲ್ಲಿಸಿದ ಸಿಂಹಸ್ತಂಭದ ಶಿಖರವು 1950ರ ಜನವರಿ 26ರಂದು ಭಾರತದ ರಾಷ್ಟ್ರಲಾಂಛನವಾಯಿತು. ನಮ್ಮ ನಾಣ್ಯಗಳಲ್ಲಿಯೂ ನೋಟುಗಳಲ್ಲಿಯೂ ಅದನ್ನು ನಾವು ನಿತ್ಯ ಕಾಣುತ್ತೇವೆ. ಲಕ್ಷಾಂತರ ಜನರನ್ನು ನೋಯಿಸಿ ನಾಡೊಂದನ್ನು ಗೆದ್ದವನೆಂದು ಅಶೋಕನನ್ನು ಯಾರೂ ಗೌರವಿಸುವುದಿಲ್ಲ. ಆ ನೋವನ್ನು ತನ್ನದೆಂದು ಒಪ್ಪಿಕೊಂಡು, ಬೇಟೆಯ ದಾರಿಯನ್ನು ಬಿಟ್ಟು, ಹಳ್ಳಿಯ ಮುದುಕರ ಯೋಗಕ್ಷೇಮವನ್ನು ಕೇಳುತ್ತ ನಡೆದವನೆಂದು ಲೋಕವು ಅವನನ್ನು ನೆನೆಯುತ್ತದೆ.